ಫೋನ್ ತಯಾರಿಸುವವರು ಒಬ್ಬರು, ನೋಡಿಕೊಳ್ಳುವವರು ಇನ್ನೊಬ್ಬರು: ಕೊಡಗಿನ ತೋಟ, ಹೋಂಸ್ಟೇ, ಸಂಘಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಟೇಟ್ ಆಫೀಸು, ಹೋಂಸ್ಟೇ, ಸಹಕಾರ ಸಂಘ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಎಲ್ಲ ಕಡೆಯೂ ಈಗ ಟ್ಯಾಬ್, ಫೋನ್ ಹಿಡಿದೇ ಕೆಲಸ. ಅವುಗಳ ಹಿಂದೆಯೇ ‘ನಾವು ಇಂಥ ಕಂಪನಿಯ ಪಾರ್ಟ್ನರ್’ ಎಂದು ಹೇಳಿಕೊಂಡು ಬರುವವರೂ ಇದ್ದಾರೆ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕರಾರಿನ ತಕರಾರು ಕೊನೆಗೆ.

## ಶುರುವಿನಲ್ಲಿ ಕೇಳುವುದು

ಫೋನ್ ಮಾರೋ ಕಂಪನಿಗೂ ಐಟಿ ಸರ್ವಿಸ್ ಕಂಪನಿಗೂ ಏನು ಸಂಬಂಧ? ಯಾಕೆ ಕೈ ಜೋಡಿಸ್ತಾರೆ?

ಫೋನ್ ತಯಾರಿಸುವವರಿಗೆ ಒಬ್ಬ ಗಿರಾಕಿಗೆ ಒಂದು ಫೋನ್ ಮಾರಿ ಗೊತ್ತು. ಹತ್ತು ಸಾವಿರ ನೌಕರರ ಬ್ಯಾಂಕಿನ ಲೆಕ್ಕದ ಸಾಫ್ಟ್‌ವೇರ್‌ಗೆ ಆ ಫೋನನ್ನು ಹೊಂದಿಸುವುದು, ಕೆಟ್ಟಾಗ ಬ್ಯಾಂಕಿಗೇ ಹೋಗಿ ಸರಿಮಾಡುವುದು ಅವರ ಕಸುಬಲ್ಲ. ಸರ್ವಿಸ್ ಕಂಪನಿಯವರು ಆ ಬ್ಯಾಂಕಿನ ಸರ್ವರ್ ಕೋಣೆಯಲ್ಲೇ ಹತ್ತಾರು ವರ್ಷ ಕಳೆದವರು, ಆದರೆ ಅವರ ಕೈಯಲ್ಲಿ ಜನ ಇಷ್ಟಪಡುವ ಫೋನ್ ಇಲ್ಲ. ಇವರಲ್ಲಿ ಇಲ್ಲದ್ದು ಅವರಲ್ಲಿದೆ, ಅಷ್ಟೇ.

ದೊಡ್ಡ ಉದಾಹರಣೆ 2014ರ ಜುಲೈ 15ರದ್ದು. ಆ್ಯಪಲ್ ಮತ್ತು ಐಬಿಎಂ ಅಂದು ಒಪ್ಪಂದ ಪ್ರಕಟಿಸಿದವು. ಬೇರೆ ಬೇರೆ ಉದ್ಯಮಗಳಿಗೆಂದು ನೂರಕ್ಕೂ ಹೆಚ್ಚು ಆ್ಯಪ್ ಮಾಡುವುದು, ಐಫೋನ್ ಮತ್ತು ಐಪ್ಯಾಡ್‌ಗಳನ್ನು ಕಂಪನಿಗಳಿಗೆ ಮಾರಿ ನಿರ್ವಹಿಸುವುದು, ಸ್ಥಳಕ್ಕೇ ಹೋಗಿ ರಿಪೇರಿ ಮಾಡುವುದು ಐಬಿಎಂ ಪಾಲಿಗೆ ಬಂತು. 1980ರ ದಶಕದಲ್ಲಿ ಇದೇ ಎರಡು ಕಂಪನಿಗಳು ಹಾವು ಮುಂಗುಸಿಯಂತಿದ್ದವು. 1991ರಲ್ಲಿ ಮೊಟೊರೊಲಾವನ್ನೂ ಸೇರಿಸಿಕೊಂಡು ಒಮ್ಮೆ ಒಂದಾಗಿದ್ದವು. ಆಗ ಪವರ್‌ಪಿಸಿ ಚಿಪ್ ಏನೋ ಬಂತು. ಜತೆಗೆ ಕಟ್ಟಲು ಹೊರಟಿದ್ದ ಆಪರೇಟಿಂಗ್ ಸಿಸ್ಟಂ ಮಾತ್ರ ಗಿರಾಕಿಯ ಕೈ ಸೇರಲೇ ಇಲ್ಲ.

ಇಂಥ ಒಪ್ಪಂದ ಮಾಡ್ಕೊಂಡವರು ಬೇರೆ ಯಾರ್ಯಾರು?

ಆ್ಯಪಲ್ ಜತೆಗೆ 2015ರಲ್ಲಿ ಸಿಸ್ಕೊ, 2016ರಲ್ಲಿ ಎಸ್‌ಎಪಿ ಮತ್ತು ಡೆಲಾಯ್ಟ್, 2017ರಲ್ಲಿ ಅಕ್ಸೆಂಚರ್ ಮತ್ತು ಜಿಇ, 2018ರಲ್ಲಿ ಸೇಲ್ಸ್‌ಫೋರ್ಸ್. ಸ್ಯಾಮ್‌ಸಂಗ್ 2013ರಲ್ಲೇ ಕಂಪನಿಗಳಿಗೆಂದು ನಾಕ್ಸ್ ಎಂಬ ಭದ್ರತಾ ವ್ಯವಸ್ಥೆ ತಂದಿತು. 2019ರಲ್ಲಿ ಮೈಕ್ರೊಸಾಫ್ಟ್ ಜತೆ ಸೇರಿ ಫೋನನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿತು. ಗೂಗಲ್‌ನ ದಾರಿ ಬೇರೆ. ಅದು 2018ರಲ್ಲಿ ‘ಆ್ಯಂಡ್ರಾಯ್ಡ್ ಎಂಟರ್‌ಪ್ರೈಸ್ ರೆಕಮಂಡೆಡ್’ ಎಂಬ ಪಟ್ಟಿ ಶುರು ಮಾಡಿ, ಕಂಪನಿ ಕೆಲಸಕ್ಕೆ ತಕ್ಕ ಮಾಡೆಲ್‌ಗಳು ಯಾವುವು ಎಂದು ಸೂಚಿಸಲು ತೊಡಗಿತು. ಟ್ಯಾಬ್ ಕೊಳ್ಳುವ ಮುಂಚೆ ಈ ಪಟ್ಟಿ ನೋಡಲು ಐದು ನಿಮಿಷ ಸಾಕು.

ಅಷ್ಟು ದೊಡ್ಡವರ ಒಪ್ಪಂದದಿಂದ ಮಡಿಕೇರಿಯಲ್ಲಿ ಕೂತ ನನಗೇನು ಸಿಕ್ತದೆ?

ಸ್ಥಳಕ್ಕೆ ಓಡಿ ಬರುವ ಎಂಜಿನಿಯರ್ ಅಂತೂ ಸಿಗುವುದಿಲ್ಲ. ಅದು ಸಾವಿರಗಟ್ಟಲೆ ಸಾಧನ ಕೊಂಡವರಿಗೆ. ನಿಮಗೆ ದಕ್ಕುವುದು ಆ ದೊಡ್ಡ ಗಿರಾಕಿಗಳಿಗಾಗಿ ಹುಟ್ಟಿಕೊಂಡ ಸಲಕರಣೆ: ಹತ್ತು ಟ್ಯಾಬ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವುದು, ಕಳೆದುಹೋದದ್ದನ್ನು ದೂರದಿಂದ ಲಾಕ್ ಮಾಡುವುದು, ನೌಕರನ ಸ್ವಂತ ಫೋನಿನಲ್ಲಿ ಕೆಲಸದ ಭಾಗವನ್ನಷ್ಟೇ ಬೇರೆ ಇಡುವುದು. ಆ್ಯಪಲ್ ಬಿಸಿನೆಸ್ ಮ್ಯಾನೇಜರ್, ಗೂಗಲ್‌ನ ಝೀರೊ ಟಚ್, ಸ್ಯಾಮ್‌ಸಂಗ್‌ನ ನಾಕ್ಸ್ ಮೊಬೈಲ್ ಎನ್‌ರೋಲ್‌ಮೆಂಟ್ ಮೂರೂ ಉಚಿತ.

ಸಿಗದೇ ಇರುವುದಕ್ಕೂ ಒಂದು ಉದಾಹರಣೆ. ಆ್ಯಪಲ್ ಮತ್ತು ಸಿಸ್ಕೊ ಸೇರಿ ವೈಫೈನಲ್ಲಿ ಮುಖ್ಯ ಆ್ಯಪ್‌ಗಳಿಗೆ ಮೊದಲ ದಾರಿ ಬಿಡುವ ಏರ್ಪಾಡು ಮಾಡಿವೆ. ನಿಮ್ಮ ಹೋಂಸ್ಟೇಯ ವೈಫೈ ಪೆಟ್ಟಿಗೆ ಸಿಸ್ಕೊ ಅಲ್ಲದಿದ್ದರೆ ಅದರಿಂದ ಏನೂ ಆಗದು. ಮಾರುವವರು ಅದನ್ನೇ ದೊಡ್ಡದು ಮಾಡಿ ಹೇಳಿದರೆ ಈ ಒಂದು ಪ್ರಶ್ನೆ ಕೇಳಿ, ಸಾಕು.

ನಮ್ಮಲ್ಲಿರೋದು ಬರೀ ಮೂರು ಟ್ಯಾಬ್. ಇದೆಲ್ಲ ಬೇಕಾ?

ಬೇಡ. ಮೂರಕ್ಕೂ ತೋಟದ ಹೆಸರಿನಲ್ಲೇ ಇಮೇಲ್ ಖಾತೆ ಮಾಡಿ, ಪಾಸ್‌ವರ್ಡ್ ಮಾಲೀಕರ ಬಳಿ ಇರಲಿ, ಸೀರಿಯಲ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ. ಐದಾರು ದಾಟಿದಾಗ, ಇಲ್ಲವೇ ಟ್ಯಾಬ್ ಹಿಡಿಯುವವರು ಸೀಸನ್‌ಗೊಮ್ಮೆ ಬದಲಾಗುತ್ತಿದ್ದಾಗ ಮುಂದಿನದನ್ನು ಓದಿ.

## ಕೊಳ್ಳುವಾಗ

ಆನ್‌ಲೈನ್ ಆಫರ್‌ನಲ್ಲಿ ಕಡಿಮೆಗೆ ಸಿಕ್ತದಲ್ಲ, ಅಲ್ಲೇ ತಗೊಂಡ್ರೆ ಏನು ತೊಂದರೆ?

ಟ್ಯಾಬ್ ಒಂದೇ, ಬಂದ ಬಾಗಿಲು ಬೇರೆ. ಅಧಿಕೃತ ರೀಸೆಲ್ಲರ್ ಆದರೆ ಸೀರಿಯಲ್ ನಂಬರನ್ನು ನಿಮ್ಮ ಸಂಸ್ಥೆಯ ಖಾತೆಗೆ ಅವರೇ ಏರಿಸುತ್ತಾರೆ. ಆಮೇಲೆ ಯಾರು ಎಷ್ಟು ಸಲ ಫ್ಯಾಕ್ಟರಿ ರೀಸೆಟ್ ಮಾಡಿದರೂ ಟ್ಯಾಬ್ ನೆಟ್‌ಗೆ ತಾಗಿದ ಕೂಡಲೇ ‘ನಾನು ಇಂಥ ಎಸ್ಟೇಟಿನದು’ ಎನ್ನುತ್ತದೆ. ಕದ್ದವನಿಗೆ ಅದು ಬರೀ ಹಲಗೆ.

ಬೇರೆ ಕಡೆ ಕೊಂಡದ್ದಕ್ಕೆ ದಾರಿ ಇಲ್ಲದೇ ಇಲ್ಲ. ಐಪ್ಯಾಡ್ ಆದರೆ ಆ್ಯಪಲ್ ಕಾನ್ಫಿಗರೇಟರ್ ಮೂಲಕ ನೀವೇ ಸೇರಿಸಬಹುದು. ಆದರೆ ಮೊದಲ 30 ದಿನ ಅದನ್ನು ಹಿಡಿದವರು ನಿಯಂತ್ರಣ ಕಿತ್ತುಹಾಕಲು ಸಾಧ್ಯ, ಹಾಗಾಗಿ ಒಂದು ತಿಂಗಳು ಆಫೀಸಿನಲ್ಲೇ ಇಟ್ಟುಕೊಂಡು ಆಮೇಲೆ ಕೊಡಿ. ಸ್ಯಾಮ್‌ಸಂಗ್ ಆದರೆ ನಾಕ್ಸ್ ಡಿಪ್ಲಾಯ್‌ಮೆಂಟ್ ಆ್ಯಪ್ ಇದೆ. ಉಳಿದ ಆ್ಯಂಡ್ರಾಯ್ಡ್‌ನಲ್ಲಿ ಮೊದಲ ಸ್ವಾಗತದ ಪರದೆಯ ಒಂದೇ ಜಾಗವನ್ನು ಆರು ಸಲ ಮುಟ್ಟಿದರೆ ಕ್ಯೂಆರ್ ಕೋಡ್ ಓದುವ ಕಿಂಡಿ ತೆರೆಯುತ್ತದೆ. ಅದರಿಂದಲೂ ಸೇರಿಸಬಹುದು, ಆದರೆ ರೀಸೆಟ್ ಆದರೆ ಮತ್ತೆ ಮೊದಲಿನಿಂದ.

ತೋಟದ ಕೆಲಸಕ್ಕೆ ಎಂಥ ಟ್ಯಾಬ್ ಒಳ್ಳೇದು?

ಬೆಲೆಗಿಂತ ಮುಂಚೆ ಜಿಪಿಎಸ್ ವಿಚಾರಿಸಿ. ಸಿಮ್ ಹಾಕಲಾಗದ, ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಯುರೋಪಿಗೆ ಹೋಗುವ ಕಾಫಿಗೆ ಅಲ್ಲಿಯ ಅರಣ್ಯನಾಶ ತಡೆ ನಿಯಮದ ಪ್ರಕಾರ ತೋಟದ ಅಕ್ಷಾಂಶ, ರೇಖಾಂಶ ದಶಮಾಂಶದ ನಂತರ 6 ಅಂಕಿವರೆಗೆ ಬೇಕು. 4 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 10 ಎಕರೆ, ಮೀರಿದರೆ ಒಂದು ಬಿಂದು ಸಾಲದು, ಗಡಿಯನ್ನೇ ಸುತ್ತಿ ಗುರುತಿಸಬೇಕು. ಸಿಲ್ವರ್ ಓಕ್ ಮತ್ತು ಕಾಡುಮರದ ನೆರಳಿನಡಿ ಜಿಪಿಎಸ್ ಹತ್ತಾರು ಅಡಿ ಆಚೀಚೆ ಜಾರುತ್ತದೆ. ಪ್ರತಿ ಮೂಲೆಯಲ್ಲೂ ಒಂದೆರಡು ನಿಮಿಷ ನಿಂತು, ತಪ್ಪಿನ ಅಂತರ ಇಳಿದ ಮೇಲೆ ಒತ್ತಬೇಕು.

ಎರಡನೆಯದು ಬ್ಯಾಟರಿ. ಬಿಚ್ಚಿ ಬದಲಿಸಬಹುದಾದ ಬ್ಯಾಟರಿಯ ಗಟ್ಟಿ ಟ್ಯಾಬ್‌ಗಳಿವೆ. ಸ್ಯಾಮ್‌ಸಂಗ್ ಟ್ಯಾಬ್ ಆಕ್ಟಿವ್ ಸಾಲಿನವು ಆ ಜಾತಿಯವು. ನೀರು, ದೂಳು ತಡೆಯುವುದರಲ್ಲಿ ಐಪಿ68 ದರ್ಜೆ, ಕೈಗವಸು ಹಾಕಿಕೊಂಡೂ ಮುಟ್ಟಬಹುದು, ಆಕ್ಟಿವ್3 ಆದರೆ ಬ್ಯಾಟರಿ ತೆಗೆದು ನೇರ ಚಾರ್ಜರ್ ಮೇಲೂ ಓಡುತ್ತದೆ. ಕಣದಲ್ಲಿ, ತೂಕದ ಕಾಟಾ ಪಕ್ಕ ಖಾಯಂ ಇಡುವುದಕ್ಕೆ ಇದೇ ಸರಿ. ಆದರೆ ಐಪಿ68 ನೋಡಿ ಮೈಮರೆಯಬೇಡಿ. ನೀರು ಹೋಗಿ ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಕೈ ಎತ್ತುತ್ತದೆ.

ಬಿಲ್ ಯಾರ ಹೆಸರಲ್ಲಿ ಮಾಡಿಸೋದು? ಅದರಲ್ಲೇನಿದೆ?

ಅದರಲ್ಲೇ ಎಲ್ಲ ಇದೆ. ತೋಟ ಒಕ್ಕದ (ಕೊಡವ ಮನೆತನದ) ಹೆಸರಿನಲ್ಲಿ, ಬ್ಯಾಂಕ್ ಖಾತೆ ಎಸ್ಟೇಟ್ ಹೆಸರಿನಲ್ಲಿ, ಟ್ಯಾಬಿನ ಬಿಲ್ ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿ. ಕೊಡಗಿನಲ್ಲಿ ಇದು ಮನೆಮನೆ ಕತೆ. ನಾಳೆ ಲಾಕ್ ಬಿಡಿಸಲು ಮೂಲ ಬಿಲ್ ಕೇಳುತ್ತಾರೆ. ಆ್ಯಪಲ್ ಬಿಸಿನೆಸ್ ಖಾತೆ ತೆರೆಯುವಾಗ ಸಂಸ್ಥೆಯ ಕಾನೂನುಬದ್ಧ ಹೆಸರು ಮತ್ತು ಸಂಸ್ಥೆಗಳನ್ನು ಗುರುತಿಸುವ ಡನ್ಸ್ ಎಂಬ 9 ಅಂಕಿಯ ಸಂಖ್ಯೆ ಎರಡೂ ಹೊಂದಬೇಕು. ಸರ್ವಿಸ್ ಕರಾರಿನಲ್ಲೂ ಅದೇ ಹೆಸರು ಬರಬೇಕು. ‘ಎಸ್ಟೇಟ್’ ಎಂಬುದನ್ನು ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೂ ತಿಂಗಳುಗಟ್ಟಲೆ ಪತ್ರ ಓಡಾಡುತ್ತದೆ.

ಕೊಟೇಶನ್ ಬಂದಾಗ ಅದರಲ್ಲೇ ಬರೆಸಿಕೊಳ್ಳಿ: ಪ್ರತಿ ಸಾಧನದ ಸೀರಿಯಲ್ ನಂಬರ್ ಮತ್ತು ಐಎಂಇಐ ಬಿಲ್ಲಿನಲ್ಲಿ ಬರುತ್ತದೆ, ಎನ್‌ರೋಲ್‌ಮೆಂಟ್ ಖಾತೆಗೆ (ಸಾಧನ ನಿಮ್ಮದೆಂದು ದಾಖಲಾಗುವ ಖಾತೆ) ರೀಸೆಲ್ಲರೇ ಏರಿಸುತ್ತಾರೆ, ಸ್ಥಳಕ್ಕೆ ಬಂದು ರಿಪೇರಿ ಮಾಡುವ ಸೇವೆ ನಿಮ್ಮ ಪಿನ್‌ಕೋಡ್‌ಗೆ ಉಂಟು. ಕೊನೆಯದನ್ನು ‘ಕರ್ನಾಟಕದಾದ್ಯಂತ’ ಎಂದು ಬರೆದರೆ ಒಪ್ಪಬೇಡಿ. 571201 ಮಡಿಕೇರಿಗೆ ಸಿಕ್ಕ ಸೇವೆ ಅದೇ ಜಿಲ್ಲೆಯ ಕುಟ್ಟ ಊರಿಗೆ ಸಿಗಬೇಕೆಂದಿಲ್ಲ.

ಕಟ್ಟಿದ ಜಿಎಸ್‌ಟಿ ವಾಪಸ್ ಬರ್ತದಾ?

ಟ್ಯಾಬ್, ಫೋನಿಗೆ 18 ಶೇಕಡಾ ಜಿಎಸ್‌ಟಿ. ನೀವು ನೋಂದಣಿ ಮಾಡಿಸಿದ್ದು, ತೆರಿಗೆ ಬೀಳುವ ವ್ಯವಹಾರಕ್ಕೇ ಬಳಸಿದರೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ್ದನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಉಂಟು. ತಾನು ಬೆಳೆದ, ಹುರಿಯದ ಕಾಫಿಯನ್ನಷ್ಟೇ ಮಾರುವ ಬೆಳೆಗಾರರಿಗೆ ಇಲ್ಲ. ತೋಟವೂ ಹೋಂಸ್ಟೇಯೂ ಎರಡೂ ಇದ್ದರೆ ಬಿಲ್ ಬೇರೆ ಬೇರೆ ಮಾಡಿಸಿ, ಲೆಕ್ಕದವರನ್ನು ಕೇಳಿ.

## ಬಳಕೆಗೆ ಇಳಿದ ಮೇಲೆ

ಎಂಡಿಎಂ ಅಂತಾರಲ್ಲ, ಅದನ್ನ ಯಾರಿಂದ ತಗೊಳ್ಳೋದು?

ಎಂಡಿಎಂ (ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್) ಎಂಬ ಸಾಫ್ಟ್‌ವೇರ್ ಅಂದರೆ ಎಲ್ಲ ಸಾಧನಗಳ ಮೇಸ್ತ್ರಿ. ಯಾವ ಆ್ಯಪ್ ಇರಬೇಕು, ಯಾವುದು ಕೂಡದು, ಯಾವ ಟ್ಯಾಬ್ ಯಾವಾಗ ಕೊನೆಗೆ ಹಾಜರಿ ಹಾಕಿತು ಎಂಬುದೆಲ್ಲ ಅಲ್ಲಿರುತ್ತದೆ. ಫೋನ್ ತಯಾರಿಸುವವರು ಸಾಧನದೊಳಗೆ ಅದಕ್ಕೊಂದು ಬಾಗಿಲು ಇಟ್ಟಿರುತ್ತಾರೆ, ಮೇಸ್ತ್ರಿಯನ್ನು ಕೊಡುವವರು ಬೇರೆಯವರು. ಮೈಕ್ರೊಸಾಫ್ಟ್ ಇನ್‌ಟ್ಯೂನ್, ಐಬಿಎಂ ಮಾಸ್360 ದೊಡ್ಡ ಹೆಸರುಗಳು. ಬೆಂಗಳೂರಿನ 42ಗೇರ್ಸ್‌ನ ಶ್ಯೂರ್‌ಎಂಡಿಎಂ ಇದೆ. ಝೋಹೋ ಬಳಗದ ಮ್ಯಾನೇಜ್‌ಎಂಜಿನ್‌ನಲ್ಲಿ 25 ಸಾಧನದವರೆಗೆ ಉಚಿತ ಆವೃತ್ತಿ ಇದ್ದು, ಹೆಚ್ಚಿನ ತೋಟಗಳಿಗೆ ಅದೇ ಧಾರಾಳವಾಯಿತು.

ಹತ್ತು ಟ್ಯಾಬ್ ಬಂತು. ಮೊದಲ ದಿನ ಏನೇನು ಮಾಡಬೇಕು?

ಡಬ್ಬಗಳನ್ನು ತೋಟಕ್ಕೆ ಒಯ್ಯಬೇಡಿ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿ ನೆಟ್ ಗಟ್ಟಿಯೋ ಅಲ್ಲಿ ಕೂತು ಮಾಡಿ. ಮೊದಲ ಸಲ ಆನ್ ಮಾಡಿದಾಗ ನೆಟ್ ಸಿಗದೇ ಯಾರಾದರೂ ಆ ಹಂತ ದಾಟಿಸಿಬಿಟ್ಟರೆ ಎನ್‌ರೋಲ್‌ಮೆಂಟ್ ತಪ್ಪಿ, ರೀಸೆಟ್ ಮಾಡಿ ಪುನಃ ಶುರು ಮಾಡಬೇಕಾಗುತ್ತದೆ.

1. ಡಬ್ಬದ ಮೇಲಿನ ಸೀರಿಯಲ್ ನಂಬರನ್ನು ಬಿಲ್ಲಿನ ಜತೆ, ಬಿಲ್ಲನ್ನು ಖಾತೆಯಲ್ಲಿ ಕಾಣುವ ಪಟ್ಟಿಯ ಜತೆ ತಾಳೆ ನೋಡಿ. ಹತ್ತರಲ್ಲಿ ಒಂದು ಬಿಟ್ಟುಹೋಗಿರುವುದು ಅಪರೂಪವೇನಲ್ಲ.
2. ಒಂದೇ ಒಂದನ್ನು ಪೂರ್ತಿ ಸಿದ್ಧಪಡಿಸಿ, ರೀಸೆಟ್ ಮಾಡಿ, ಮತ್ತೆ ತಾನಾಗಿ ಸೇರುತ್ತದೆಯೇ ನೋಡಿ. ಅದು ಸರಿಯಾದ ಮೇಲೆ ಉಳಿದ ಒಂಬತ್ತು.
3. ಆ್ಯಪ್, ಸಿಸ್ಟಂ ಅಪ್‌ಡೇಟ್ ಎಲ್ಲ ಅಲ್ಲೇ ಇಳಿಸಿ. ತೋಟದ ಸಿಮ್‌ನಲ್ಲಿ ಅಷ್ಟು ಇಳಿಯಲು ಇಡೀ ದಿನ ಸಾಲದು.
4. ಹಿಂಬದಿಗೆ ಪೇಂಟಿನಲ್ಲಿ ನಂಬರ್ ಬರೆಯಿರಿ. ಸ್ಟಿಕ್ಕರ್ ಜೂನ್ ಮಳೆಗೆ ಬಿಟ್ಟುಹೋಗುತ್ತದೆ.

ರೈಟರ್ ಕೆಲಸ ಬಿಟ್ಟು ಹೋದ. ರೀಸೆಟ್ ಮಾಡಿದ್ರೆ ಅವನ ಇಮೇಲ್ ಕೇಳ್ತದೆ, ಏನ್ಮಾಡೋದು?

ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ತಮ್ಮ ಸ್ವಂತ ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಟ್ಯಾಬ್ ತೆರೆದಿದ್ದಾರೆ. ಕಳವು ತಡೆಯಲೆಂದು ಇಟ್ಟ ಬೀಗ ಈಗ ಮಾಲೀಕರನ್ನೇ ಹೊರಗಿಟ್ಟಿದೆ. ಜಗಳವಾಡದೆ ಫೋನ್ ಮಾಡಿ ಅವರಿಂದಲೇ ಖಾತೆ ತೆಗೆಸುವುದು ಎಲ್ಲಕ್ಕಿಂತ ಬೇಗ ಆಗುವ ದಾರಿ. ಆಗದಿದ್ದರೆ ಮೂಲ ಬಿಲ್ ಹಿಡಿದು ತಯಾರಕರ ಸಹಾಯ ಕೇಂದ್ರಕ್ಕೆ ಅರ್ಜಿ ಕೊಡಬೇಕು. ಆ್ಯಪಲ್ ಬಿಸಿನೆಸ್ ಮ್ಯಾನೇಜರ್‌ನಲ್ಲಿ ಐಪ್ಯಾಡ್ ಸೇರಿದ್ದರೆ ಆ್ಯಕ್ಟಿವೇಶನ್ ಲಾಕ್ ಎಂಬ ಈ ಬೀಗವನ್ನು ನೀವೇ ಅಲ್ಲಿಂದ ತೆಗೆಯಬಹುದು. ಸಂತೆಯಲ್ಲಿ ‘ಅನ್‌ಲಾಕ್ ಮಾಡಿಕೊಡ್ತೇವೆ’ ಎನ್ನುವವರ ಕೈಗೆ ಕೊಟ್ಟರೆ ವಾರಂಟಿಯೂ ಹೋಯಿತು, ಡೇಟಾವೂ ಹೋಯಿತು.

ನನ್ನ ಸ್ವಂತ ಫೋನಿಗೆ ಕಂಪನಿ ಆ್ಯಪ್ ಹಾಕ್ಸಿದ್ದಾರೆ. ನನ್ನ ಫೋಟೊ, ವಾಟ್ಸ್‌ಆ್ಯಪ್ ಎಲ್ಲ ನೋಡ್ತಾರಾ?

ಆ್ಯಂಡ್ರಾಯ್ಡ್‌ನ ವರ್ಕ್ ಪ್ರೊಫೈಲ್ ಆದರೆ ನೋಡಲಾರರು. ಕೆಲಸದ ಆ್ಯಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಗುರುತು ಇರುತ್ತದೆ, ಅವರ ಅಧಿಕಾರ ಅಲ್ಲಿಗೆ ಮುಗಿಯಿತು. ನೀವು ಕೆಲಸ ಬಿಟ್ಟ ದಿನ ಅಳಿಸುವುದೂ ಅಷ್ಟನ್ನೇ. ಇಡೀ ಫೋನ್ ರೀಸೆಟ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿಸಿದ್ದರೆ ಮಾತ್ರ ಆ ಫೋನ್ ಕಂಪನಿಯ ವಶದಲ್ಲಿದೆ ಎಂದೇ ಅರ್ಥ. ಸ್ವಂತ ಫೋನಿಗೆ ಹಾಗೆ ಮಾಡಿಸಲು ಒಪ್ಪಬಾರದು.

ಒಂದು ವರ್ಷ ಚೆನ್ನಾಗಿತ್ತು. ಒಂದೇ ದಿನ ಎಲ್ಲ ಐಪ್ಯಾಡೂ ಎಂಡಿಎಂ ಮಾತು ಕೇಳೋದು ನಿಲ್ಲಿಸಿದ್ವು. ಯಾಕೆ?

‘ಒಂದು ವರ್ಷ’ ಎಂದಿರಲ್ಲ, ಉತ್ತರ ಅಲ್ಲೇ ಇದೆ. ಎಂಡಿಎಂ ಮತ್ತು ಐಪ್ಯಾಡ್ ನಡುವಿನ ಆ್ಯಪಲ್ ಪುಶ್ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ ಮುಗಿಯುತ್ತದೆ. ನವೀಕರಿಸಬೇಕು, ಅದೂ ಮೊದಲು ಮಾಡಿಸಿದ ಅದೇ ಆ್ಯಪಲ್ ಖಾತೆಯಿಂದ. ಬೇರೆ ಖಾತೆಯಿಂದ ಹೊಸದು ಮಾಡಿದರೆ ಎಲ್ಲ ಐಪ್ಯಾಡ್‌ಗಳನ್ನೂ ಒಂದೊಂದಾಗಿ ಪುನಃ ಸೇರಿಸಬೇಕು. ಹೆಚ್ಚಿನ ಸಲ ಆ ಖಾತೆ ಸರ್ವಿಸ್ ಕಂಪನಿಯ ಯಾವುದೋ ಹುಡುಗನ ಸ್ವಂತ ಇಮೇಲ್ ಆಗಿರುತ್ತದೆ, ಅವನು ಆಗಲೇ ಬೇರೆ ಕಡೆ ಸೇರಿರುತ್ತಾನೆ. ಮೊದಲ ದಿನವೇ ಎಸ್ಟೇಟಿನ ಇಮೇಲ್‌ನಲ್ಲೇ ಮಾಡಿಸಿ. ನವೀಕರಣದ ತಾರೀಕಿಗೆ 30 ದಿನ ಮೊದಲು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

## ಮಳೆ, ಕರೆಂಟು, ನೆಟ್ಟು

ಜೂನ್ ಬಂತಂದ್ರೆ ಚಾರ್ಜೇ ಆಗಲ್ಲ, ನೀರಿನ ಹನಿ ಚಿತ್ರ ತೋರಿಸ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಪೋರ್ಟಿನಲ್ಲಿ ತೇವ ಕಂಡು ತಾನೇ ಚಾರ್ಜ್ ನಿಲ್ಲಿಸಿದೆ. ಕೇಬಲ್ ತೆಗೆದು, ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಅರ್ಧ ಗಂಟೆ ಇಡಿ. ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ಅಕ್ಕಿಯಲ್ಲಿ ಹೂಳಬೇಡಿ, ಪುಡಿ ಒಳಗೆ ಹೋಗುತ್ತದೆ. ಒಲೆಯ ಹತ್ತಿರವೂ ಬೇಡ, ಹೇರ್ ಡ್ರೈಯರ್ರೂ ಬೇಡ. ಕೇಬಲ್ ತುದಿಯೂ ಒಣಗಿರಬೇಕು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಮಳೆಗಾಲಕ್ಕೆಂದು ಪಿನ್ ತೂರಿಸದೆ ಮೇಲಿಟ್ಟೇ ಚಾರ್ಜ್ ಮಾಡುವ ಡಾಕ್ ಸಿಕ್ಕುವ ಮಾಡೆಲ್ ಆರಿಸಿದರೆ ಈ ಗೋಳೇ ಇಲ್ಲ.

ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆ ದಿನದ ಹಾಜರಿ, ತೂಕ ಎಲ್ಲಿ ಹೋಗ್ತದೆ?

ಆ್ಯಪ್ ಮಾಡಿದವರ ಮೇಲೆ ನಿಂತಿದೆ. ‘ಆಫ್‌ಲೈನ್ ಕೆಲಸ ಮಾಡುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ, ಹಣ ಕೊಡುವ ಮುಂಚೆ ಪರೀಕ್ಷೆ ಮಾಡಿಸಿ. ಎರಡು ಟ್ಯಾಬ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಎರಡು ದಿನ ನಿಜವಾದ ಹಾಜರಿ ಮತ್ತು ಚೆರಿಯ (ಕಾಫಿ ಹಣ್ಣಿನ) ತೂಕ ಬರೆಯಿರಿ. ನಡುವೆ ಒಂದನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಒಬ್ಬನೇ ಆಳಿನ ಹೆಸರಿನಲ್ಲಿ ಎರಡರಲ್ಲೂ ಬೇರೆ ಬೇರೆ ಕಿಲೋ ಹಾಕಿ. ಆಮೇಲೆ ನೆಟ್ ಕೊಟ್ಟು ಲೆಕ್ಕ ನೋಡಿ. ಕೆಟ್ಟ ಆ್ಯಪ್‌ನಲ್ಲಿ ಕೊನೆಗೆ ಬಂದದ್ದು ಮೊದಲಿನದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಒಳ್ಳೆಯದು ಎರಡನ್ನೂ ಇಟ್ಟುಕೊಂಡು ‘ಯಾವುದು ಸರಿ’ ಎಂದು ಕೇಳುತ್ತದೆ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ ಹೋಗುವುದರಿಂದ ನುಂಗಿದ ಒಂದು ಸಾಲು, ಆಳುಗಳು ವಾಸಿಸುವ ಲೈನ್‌ಮನೆಯಲ್ಲಿ ಒಬ್ಬರ ಆ ದಿನದ ದುಡಿಮೆ.

ಕೊಯ್ಲು ಮುಗಿದ ಮೇಲೆ ಟ್ಯಾಬ್ ಹೇಗೆ ತೆಗೆದಿಡೋದು?

ಅರ್ಧ ಚಾರ್ಜ್ ಇಟ್ಟು ಆಫ್ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ. ಚಾರ್ಜರ್‌ಗೆ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಊದಬಹುದು. ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಅರೇಬಿಕಾ ಕೊಯ್ಲಿಗೆ ಎರಡು ವಾರ ಮುಂಚೆ ಎಲ್ಲ ಆನ್ ಮಾಡಿ, ಅಪ್‌ಡೇಟ್ ಮುಗಿಸಿ.

## ಕರಾರು, ತಕರಾರು

‘ನೆಕ್ಸ್ಟ್ ಬಿಸಿನೆಸ್ ಡೇ’ ಅಂತ ಕರಾರಿನಲ್ಲಿದೆ. ಆರು ದಿನ ಆಯ್ತು, ಯಾರೂ ಬಂದಿಲ್ಲ. ಮೋಸ ಅಲ್ವಾ?

ಓದಿ ನೋಡಿದರೆ ಮೋಸ ಅಲ್ಲ ಎಂದು ಅವರು ತೋರಿಸಿಯಾರು. ಹೆಚ್ಚಿನ ಕರಾರುಗಳಲ್ಲಿ ಮಾತು ಕೊಟ್ಟಿರುವುದು ಸ್ಪಂದಿಸುವ ಸಮಯಕ್ಕೆ, ಸರಿಪಡಿಸುವ ಸಮಯಕ್ಕಲ್ಲ. ಫೋನ್ ಎತ್ತಿ ದೂರು ಬರೆದುಕೊಂಡರೆ ಸ್ಪಂದಿಸಿದಂತೆಯೇ. ಗಡಿಯಾರ ಶುರುವಾಗುವುದು ನೀವು ಕರೆ ಮಾಡಿದಾಗಲ್ಲ, ಫೋನಿನಲ್ಲಿ ಪರೀಕ್ಷೆ ಮುಗಿಸಿ ‘ಭಾಗ ಬದಲಿಸಬೇಕು’ ಎಂದು ಅವರು ತೀರ್ಮಾನಿಸಿದಾಗ. ಮಧ್ಯಾಹ್ನದ ನಂತರದ್ದು ಮರುದಿನದ ಲೆಕ್ಕ. ರೈಲೂ ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಗೆ ಬಿಡಿಭಾಗ ಮೈಸೂರು ಅಥವಾ ಮಂಗಳೂರಿನಿಂದ ರಸ್ತೆಯಲ್ಲೇ ಬರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಮುಚ್ಚಿತ್ತು. ಅಂಥದ್ದಕ್ಕೆ ಕರಾರಿನಲ್ಲಿ ‘ದೈವಾಧೀನ’ ಎಂಬ ಕಲಮು ಇದ್ದೇ ಇರುತ್ತದೆ.

ಆದ್ದರಿಂದ ಸ್ಪಂದನೆ, ಪರಿಹಾರ ಎರಡಕ್ಕೂ ಬೇರೆ ಬೇರೆ ಗಂಟೆ ಬರೆಸಿ, ಮೀರಿದರೆ ಎಷ್ಟು ಹಣ ಕಡಿತ ಎಂಬುದನ್ನೂ ಸೇರಿಸಿ. ಅದಕ್ಕಿಂತ ಒಳ್ಳೆಯದು, ಹತ್ತು ಸಾಧನಕ್ಕೆ ಒಂದು ಹೆಚ್ಚುವರಿ ಟ್ಯಾಬನ್ನು ಸಿದ್ಧಪಡಿಸಿ ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳುವುದು. ಆನ್‌ಸೈಟ್ (ಸ್ಥಳಕ್ಕೆ ಬಂದು ಮಾಡುವ) ಸೇವೆಗೆ ಕೊಡುವ ಹಣಕ್ಕೆ ಹೋಲಿಸಿ ನೋಡಿ, ನಮ್ಮ ಮಟ್ಟಿಗೆ ಬೀರುವಿನ ಟ್ಯಾಬೇ ಗೆಲ್ಲುತ್ತದೆ.

ಸಾಫ್ಟ್‌ವೇರ್ ಸೇವೆಯಲ್ಲಿ, ನಿಲ್ಲದೆ ಎಷ್ಟು ಹೊತ್ತು ಓಡುತ್ತದೆ ಎಂಬುದಕ್ಕೆ ಶೇಕಡಾವಾರು ಭರವಸೆ ಬರುತ್ತದೆ. 30 ದಿನದ ತಿಂಗಳಿಗೆ 99.9 ಎಂದರೆ ಸುಮಾರು 43 ನಿಮಿಷ ನಿಲ್ಲಬಹುದು, ಬರೀ 99 ಎಂದರೆ 7 ಗಂಟೆ 12 ನಿಮಿಷ. ಆ 7 ಗಂಟೆ ರೋಬಸ್ಟಾ ಕೊಯ್ಲಿನ ಒಂದು ಶನಿವಾರ, ಬಟವಾಡೆಯ ದಿನವೇ, ಬಿದ್ದರೂ ಕರಾರು ಮುರಿದಂತೆ ಆಗದು.

ತಯಾರಕರು ಸರ್ವಿಸ್‌ನವರ ಕಡೆ ಕೈ ತೋರಿಸ್ತಾರೆ, ಅವರು ಇವರ ಕಡೆ. ಯಾರನ್ನ ಹಿಡಿಯೋದು?

ಆ ಇಬ್ಬರ ನಡುವಿನ ಒಪ್ಪಂದದಲ್ಲಿ ನಿಮ್ಮ ಸಹಿ ಇಲ್ಲ, ಅದನ್ನು ಹಿಡಿದು ನೀವು ಕೇಳಲಾಗದು. ನಿಮ್ಮ ಬಳಿ ಇರುವ ಕಾಗದ ಮೂರು: ತಯಾರಕರ ವಾರಂಟಿ, ಮಾರಿದವರ ಬಿಲ್, ಸರ್ವಿಸ್ ಕರಾರು. ಪರದೆ ತಾನಾಗಿ ಕೆಟ್ಟರೆ ಮೊದಲನೆಯದು. ಎನ್‌ರೋಲ್‌ಮೆಂಟ್ ಆಗದ ಟ್ಯಾಬ್ ಬಂದರೆ ಎರಡನೆಯದು. ಆ್ಯಪ್ ಲೆಕ್ಕ ತಪ್ಪಿದರೆ ಮೂರನೆಯದು. ಗಲಾಟೆ ಏಳುವುದು ಗಡಿಯಲ್ಲಿ. ಸಿಸ್ಟಂ ಅಪ್‌ಡೇಟ್ ಆದ ಮೇಲೆ ಆ್ಯಪ್ ಸತ್ತಿತು ಎಂದಿಟ್ಟುಕೊಳ್ಳಿ, ತಪ್ಪು ಯಾರದ್ದು? ಹೊಸ ಆವೃತ್ತಿ ಬಂದ ಇಂತಿಷ್ಟು ದಿನದೊಳಗೆ ಆ್ಯಪ್ ಹೊಂದಿಸಿಕೊಡುವುದು ಸರ್ವಿಸ್ ಕಂಪನಿಯ ಹೊಣೆ ಎಂಬ ಒಂದು ಸಾಲು ಮೊದಲೇ ಬರೆಸಿದ್ದರೆ ಜಗಳವೇ ಇರದು. ಅಲ್ಲಿಯವರೆಗೆ ಎಂಡಿಎಂನಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆದಿಡಲೂ ಬರುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗುವವರು ಒಂದು ವಿಷಯ ನೋಡಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ವಿನಾಯಿತಿ ಉಂಟು. ಮನೆಯವರೇ ನಡೆಸುವ ಎರಡು ಕೋಣೆಯ ಹೋಂಸ್ಟೇ ಆ ವಾದ ಮಾಡಬಹುದು, ನೂರು ಆಳಿನ ಕಂಪನಿ ತೋಟಕ್ಕೆ ಕಷ್ಟ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನದಕ್ಕೆ ಶುಲ್ಕ ಇಲ್ಲ. ಆ ಬಾಗಿಲು ಮುಚ್ಚಿದ್ದರೆ ಸಿವಿಲ್ ದಾವೆಯೇ ಗತಿ. ಆಗ ‘ವ್ಯಾಜ್ಯ ಬೆಂಗಳೂರಿನ ನ್ಯಾಯಾಲಯಕ್ಕೆ ಮಾತ್ರ’ ಎಂಬ ಸಾಲು ಕಡಿಯುತ್ತದೆ. ಸಹಿಗೆ ಮುಂಚೆ ಅದನ್ನು ಹುಡುಕಿ ಹೊಡೆದುಹಾಕಿಸಿ.

ನಾಳೆ ಆ ಎರಡು ಕಂಪನಿಗಳೇ ಬೇರೆಯಾದ್ರೆ?

ಆಗುತ್ತವೆ. ಆ್ಯಪಲ್ ಜತೆ ಕೈ ಜೋಡಿಸಿದ್ದ ಜಿಇ 2024ರ ಹೊತ್ತಿಗೆ ತಾನೇ ಮೂರು ಕಂಪನಿಯಾಗಿ ಒಡೆದಿತ್ತು. ಒಂದು ಕಾಲಕ್ಕೆ ಆಫೀಸುಗಳ ಫೋನ್ ಎಂದರೆ ಬ್ಲ್ಯಾಕ್‌ಬೆರಿ. ಅದರ ಹಳೆಯ ಫೋನ್‌ಗಳ ಸೇವೆ 2022ರ ಜನವರಿ 4ಕ್ಕೆ ನಿಂತಿತು.

ಕರಾರಿನಲ್ಲಿ ಬಿಡುಗಡೆಯ ಕಲಮು ಇರಲಿ: ಹಾಜರಿ, ತೂಕ, ಗಿರಾಕಿಗಳ ದಾಖಲೆ ಎಕ್ಸೆಲ್ ತೆರೆಯಬಲ್ಲ ರೂಪದಲ್ಲಿ, ಕೇಳಿದ ಇಂತಿಷ್ಟು ದಿನದಲ್ಲಿ, ಬೇರೆ ಹಣವಿಲ್ಲದೆ. ಎನ್‌ರೋಲ್‌ಮೆಂಟ್ ಖಾತೆ ಸರ್ವಿಸ್‌ನವರ ಹೆಸರಿನಲ್ಲಿದ್ದರೆ ಅವರು ಸಾಧನಗಳನ್ನು ಬಿಡುಗಡೆ ಮಾಡುವ ತನಕ ನಿಮ್ಮ ಟ್ಯಾಬ್ ಬೇರೆ ಎಂಡಿಎಂಗೆ ಹೋಗದು. ಅದಕ್ಕೇ ಖಾತೆ ನಿಮ್ಮ ಹೆಸರಿನಲ್ಲಿರಬೇಕು, ಅವರಿಗೆ ಕೊಡುವುದು ಬರೀ ಒಂದು ಲಾಗಿನ್.

ನಾನೇ ಕುಶಾಲನಗರದಲ್ಲಿ ಸರ್ವಿಸ್ ಅಂಗಡಿ ಇಟ್ಟಿದ್ದೇನೆ. ಇಂಥ ಕಂಪನಿಗಳ ಕೆಳಗೆ ಕೆಲಸ ಹಿಡಿಯಬಹುದಾ?

ಹಿಡಿಯಬಹುದು. ದೊಡ್ಡವರು ಒಪ್ಪಿಕೊಂಡ ‘ಆನ್‌ಸೈಟ್’ ಕೆಲಸವನ್ನು ಜಿಲ್ಲೆಯಲ್ಲಿ ಕೊನೆಗೆ ಮಾಡುವವರು ನಿಮ್ಮಂಥವರೇ. ದರ ಸಾಮಾನ್ಯವಾಗಿ ಕರೆಗೆ ಇಷ್ಟು ಎಂದಿರುತ್ತದೆ. ಕುಶಾಲನಗರ ಪೇಟೆಯೊಳಗಿನ ಕರೆಗೂ ಕುಟ್ಟದ ಕರೆಗೂ ಒಂದೇ ದರ ಒಪ್ಪಬೇಡಿ, ಕಿಲೋಮೀಟರ್ ಲೆಕ್ಕ ಬೇರೆ ಹಾಕಿಸಿ. ಗಿರಾಕಿ ಬಾಗಿಲು ಹಾಕಿದ್ದಕ್ಕೆ, ತಪ್ಪು ಬಿಡಿಭಾಗ ಬಂದದ್ದಕ್ಕೆ ವಾಪಸ್ ಬಂದ ಕರೆಗೂ ಅರ್ಧ ದರವಾದರೂ ಇರಲಿ. ‘ನಮಗೆ ಹಣ ಬಂದ ಮೇಲೆ ನಿಮಗೆ’ ಎಂಬ ಕಲಮು ಬಂದೇ ಬರುತ್ತದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ 2006ರ ಎಂಎಸ್‌ಎಂಇ ಕಾಯ್ದೆ ಹೆಚ್ಚೆಂದರೆ 45 ದಿನದ ಗಡುವು ಕೊಟ್ಟಿದೆ. ಬರಹದ ಕರಾರೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಉಚಿತ. ಆ ನಂಬರನ್ನು ಮೊದಲ ಇನ್‌ವಾಯ್ಸ್‌ನಿಂದಲೇ ಮೇಲ್ಗಡೆ ಅಚ್ಚು ಹಾಕಿಸಿ.